ನಾಲ್ಕು ಪುಟದ ಸಾವು

ದುಗ್ಗಪ್ಪ ಪಂಪ್‌ಸೆಟ್ ರಿಪೇರಿ ಮಾಡುವವನು.
ನಾಟಕ ಬರೆಯುವುದು ಬಿಲ್ ಬುಕ್ಕಿನ ಬೆನ್ನಿಗೆ.
ನನ್ನ ಪಾಲಿಗೆ ಬಂದ ಹಾಳೆಗಳಲ್ಲಿ
ಮೊದಲ ದೃಶ್ಯದ ಮೇಲೊಂದು ಗ್ರೀಸಿನ ಹೆಬ್ಬೆಟ್ಟು,
ಮಗುಚಿದರೆ ಯಾರದೋ ಮೂರು ಎಚ್‌ಪಿ ಮೋಟಾರು,
ಬಾಕಿ ಇನ್ನೂರೈವತ್ತು.

ರಾತ್ರಿ ಪಾಳಿ. ತೀರ್ಥಹಳ್ಳಿಯ ಆಸ್ಪತ್ರೆ.
ಎರಡು ಗಂಟೆಗೆ ಜನರಲ್ ವಾರ್ಡು
ಒಂದೇ ಗೊರಕೆಗೆ ಒಪ್ಪಿಕೊಂಡ ಮೇಲೆ
ಟೇಬಲ್ ದೀಪ ತಗ್ಗಿಸಿ ಓದಲು ಕೂತೆ.

ಎಲ್ಲರ ಹಾಗೆ ನಾನೂ ಮೊದಲು ಎಣಿಸುವುದು ಮಾತನ್ನೇ,
ಅದಕ್ಕೇನು ನಾಚಿಕೆ.
ಹಾಲೇಶನಂತೂ ತನ್ನ ಮಾತಿಗೆಲ್ಲ ಅಡಿಗೆರೆ ಎಳೆದು
ಉಳಿದವರದ್ದನ್ನು ಓದುವುದೇ ಇಲ್ಲ;
ಕಥೆ ಏನೆಂದು ಅವನಿಗೆ ಗೊತ್ತಾಗುವುದು
ಮೂರನೇ ಪ್ರದರ್ಶನದ ಹೊತ್ತಿಗೆ.
ಎರಡನೇ ಸಲ ಓದುವಾಗ ನಾನು ಹುಡುಕುವುದು ಬೇರೆ:
ಮಾತಿಲ್ಲದಾಗ ಈ ಹೆಂಗಸು
ಕೈಯನ್ನು ಎಲ್ಲಿಟ್ಟುಕೊಳ್ಳುತ್ತಾಳೆ?

ಸಾವಂತ್ರಮ್ಮ. ಅರವತ್ತೆಂಟು. ತಾಯಿ.
ಇದು ನನ್ನ ಒಂಬತ್ತನೇ ತಾಯಿ.
ಮೂವತ್ತನಾಲ್ಕಕ್ಕೇ ತಲೆಗೆ ಪೌಡರು ಬಳಿದು ಶುರುವಾದದ್ದು,
ಆಮೇಲೆ ಯಾರೂ ನನ್ನನ್ನು ಕಿರಿಯಳಾಗಿ ಬರೆಯಲಿಲ್ಲ.
ಈಗ ಪೌಡರಿನ ಖರ್ಚು ಉಳಿದಿದೆ.

ಈಕೆ ಸಾಯುತ್ತಾಳೆ. ನಾಲ್ಕು ಪುಟ ಸಾಯುತ್ತಾಳೆ.
ಮಗನಿಗೆ ಬುದ್ಧಿ, ಸೊಸೆಗೆ ಕ್ಷಮೆ,
ಬೆಕ್ಕಿಗೆ ಹಾಲು ಹಾಕುವ ಹೊತ್ತು,
ಬೀಗದ ಕೈ ಇಟ್ಟ ಜಾಗ, ಒಂದು ಗಾದೆ,
ಅದು ಸಾಲದೆ ಇನ್ನೊಂದು ಗಾದೆ.
ಪೆನ್ಸಿಲಿನಲ್ಲಿ ಅಂಚಿಗೆ ಬರೆದೆ:
ಇಷ್ಟು ಮಾತಿಗೆ ಉಸಿರು ಎಲ್ಲಿಂದ ತರಲಿ?

ಇಪ್ಪತ್ತೆರಡು ವರ್ಷದ ನೌಕರಿ.
ಕೊನೆಗೆ ಜನ ಕೇಳುವುದು ನೀರು,
ಇಲ್ಲವೇ ಗಂಟೆ ಎಷ್ಟಾಯಿತು ಅಂತ.
ಒಬ್ಬರು ನನ್ನನ್ನು ಕಂಡಕ್ಟರ್ ಅಂದುಕೊಂಡು
ಕೊಪ್ಪಕ್ಕೆ ಒಂದು ಟಿಕೆಟ್ ಕೇಳಿದ್ದರು.
ಹರಿದು ಕೊಟ್ಟ ಹಾಗೆ ಮಾಡಿದೆ. ಜೇಬಿಗಿಟ್ಟುಕೊಂಡರು.

ರಿಹರ್ಸಲ್ಲು ಅಕ್ಕಿ ಗಿರಣಿಯ ಮಹಡಿಯಲ್ಲಿ, ತೌಡಿನ ವಾಸನೆಯೊಳಗೆ.
"ತಾಯಿ ಬೇಡ" ಅಂದೆ. "ಸ್ಟ್ಯಾಂಡು ಮುರಿದಿದೆ ಅಂತ
ಡ್ರಿಪ್ ಬಾಟಲಿ ಎತ್ತಿ ಹಿಡಿದು
ನಿಲ್ಲುವವನೊಬ್ಬನಿದ್ದಾನಲ್ಲ, ಅದು ಕೊಡು."
"ಅವನಿಗೆ ಮಾತೇ ಇಲ್ಲ, ಜಸಿಂತಕ್ಕ."
"ಕೈ ಇದೆ."

ಹಾಲೇಶ ನಕ್ಕ. ದುಗ್ಗಪ್ಪ ನಗಲಿಲ್ಲ.
ನನ್ನ ಪೆನ್ಸಿಲನ್ನು ಓದಿದ, ಇನ್ನೊಮ್ಮೆ ಓದಿದ,
ಹಾಳೆ ಮಗುಚಿ ಆ ಮೋಟಾರಿನ ಬಾಕಿಯನ್ನೂ ಓದಿದ.
ಕೆಳಗೆ ಗಿರಣಿ ನಿಂತ ಮೇಲೆ ಹೇಳಿದ.
ಅವ್ವನನ್ನು ಮಣಿಪಾಲಕ್ಕೆ ಒಯ್ಯುತ್ತಿದ್ದದ್ದು.
ಸೈರನ್ ಕೆಟ್ಟಿತ್ತು,
ಆಗುಂಬೆ ಘಾಟಿಯುದ್ದಕ್ಕೂ ಹಾರ್ನೇ ಹಾರ್ನು.
ಇವನು ಮುಂದೆ, ಡ್ರೈವರ್ ಪಕ್ಕ.
ಏಳನೇ ತಿರುವಿನಲ್ಲಿ ಹಿಂದೆ ನೋಡಿದಾಗ ಕಣ್ಣು ಬಿಟ್ಟಿದ್ದಳು.
ಮತ್ತೆ ನೋಡಿದ್ದು ಒಂಬತ್ತರಲ್ಲಿ.
"ಆ ನಾಲ್ಕು ಪುಟ ಅವಳದಲ್ಲ ಅಕ್ಕಾ,
ನನಗೆ ಬೇಕಾಗಿದ್ದದ್ದು."

ಪಾತ್ರ ಬಂದರೆ ನಾವು ಬಾಯಿಗೆ ಹೊಂದುತ್ತದೋ ನೋಡುತ್ತೇವೆ,
ಬರೆದವನ ಕಿವಿ ಯಾವುದಕ್ಕೆ ಕಾದಿತ್ತು
ಅಂತ ಯಾರು ಕೇಳುತ್ತಾರೆ?
ಇದು ಮನೆಗೆ ನಡೆಯುವಾಗ ಹೊಳೆದದ್ದು;
ಅಲ್ಲಿ ನಾನು ಸುಮ್ಮನೆ
ಪೆನ್ಸಿಲಿನ ಹಿಂಬದಿ ಕಚ್ಚುತ್ತ ನಿಂತಿದ್ದೆ.

"ಹಾಗಾದರೆ ಮೊದಲು ಸಾಯುತ್ತೇನೆ" ಅಂದೆ, "ಮಾತಿಲ್ಲದೆ.
ಎರಡು ತಿರುವಿನಷ್ಟು ಹೊತ್ತು.
ಆಮೇಲೆ ಎದ್ದು ಕೂತು, ಸೆರಗು ಸರಿಮಾಡಿಕೊಂಡು
ನಾಲ್ಕೂ ಪುಟ ಹೇಳುತ್ತೇನೆ.
ಬೆಕ್ಕಿನ ಹಾಲನ್ನೂ ಬಿಡುವುದಿಲ್ಲ.
ಒಂದು ಗಾದೆ ಮಾತ್ರ ತೆಗಿ."
"ಯಾವುದು?"
ಆ ಜಗಳ ಇನ್ನೂ ಮುಗಿದಿಲ್ಲ.

ಚೀಟಿ ಎತ್ತಿದಾಗ ಬಾಟಲಿ ಹಾಲೇಶನಿಗೆ ಬಂತು.
ಅಡಿಗೆರೆ ಎಳೆಯಲು ಒಂದು ಮಾತೂ ಸಿಗದೆ
ಮೊನ್ನೆ ಪೆಟ್ರೋಲ್ ಬಂಕಿನಲ್ಲಿ ಕೂತು
ಇಡೀ ನಾಟಕ ಓದಿದನಂತೆ.
ನಿನ್ನೆ ನಾನು ಸತ್ತು ಎದ್ದು ಕೂತಾಗ
ಬಾಟಲಿ ನಡುಗುತ್ತಿತ್ತು.
ತೋಳು ನೋವು, ಅಂದ.
ಎಡಗೈಗೆ ಬದಲಾಯಿಸು, ಅಂದೆ,
ನಾವು ಹಾಗೇ ಮಾಡುವುದು.